ಓದಿದ್ದಕ್ಕೆ ಸಾಕ್ಷಿಯಾಗುವ ಗ್ರಂಥಸೂಚಿ

ವಿಶ್ವವಿದ್ಯಾಲಯದ ಪ್ರಬಂಧವೊಂದಕ್ಕೆ ಆಧಾರವಾಗಲಿರುವ ಪುಸ್ತಕ, ಲೇಖನ ಮತ್ತು ವರದಿಗಳನ್ನು ಮೊದಲೇ ಪಟ್ಟಿಮಾಡಿ, ಪ್ರತಿಯೊಂದರ ಕೆಳಗೂ ಅದರ ತಿರುಳು, ಯೋಗ್ಯತೆ ಹಾಗೂ ಉಪಯೋಗವನ್ನು ಸುಮಾರು 150 ಪದಗಳಲ್ಲಿ ಬರೆದಾಗ ಅದು ಟಿಪ್ಪಣಿಸಹಿತ ಗ್ರಂಥಸೂಚಿ ಎನಿಸಿಕೊಳ್ಳುತ್ತದೆ. ಪ್ರಬಂಧದ ಕೊನೆಯಲ್ಲಿ ಬರುವ ಸಾಮಾನ್ಯ ಗ್ರಂಥಸೂಚಿ ಯಾವ ಯಾವ ಕೃತಿಗಳನ್ನು ಬಳಸಲಾಗಿದೆ ಎಂಬುದನ್ನಷ್ಟೇ ತಿಳಿಸಿದರೆ, ಇದು ಆ ಕೃತಿಗಳನ್ನು ನಿಜವಾಗಿ ಓದಲಾಗಿದೆಯೇ ಎಂಬುದನ್ನೂ ಬಯಲು ಮಾಡುತ್ತದೆ.

ಸುಸ್ಥಿರತೆಯಂಥ ವಿಷಯದಲ್ಲಿ ಈ ಪರೀಕ್ಷೆ ಇನ್ನಷ್ಟು ಅಗತ್ಯ. ಮುಂದಿನ ಪೀಳಿಗೆಗಳ ಅಗತ್ಯಗಳಿಗೆ ಕುಂದು ಬಾರದಂತೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳಬೇಕೆಂಬ ವಿಚಾರವನ್ನು 1987ರಲ್ಲಿ ಬ್ರುಂಟ್‌ಲ್ಯಾಂಡ್ ಆಯೋಗದ ವರದಿ ಜಗತ್ತಿನ ಮುಂದಿಟ್ಟಿತು. ಅಂದಿನಿಂದ ಆ ವ್ಯಾಖ್ಯೆಯನ್ನು ಉಲ್ಲೇಖಿಸುವವರು ಹೆಚ್ಚುತ್ತಲೇ ಬಂದಿದ್ದರೂ ವರದಿಯನ್ನು ತೆರೆದು ಓದುವವರು ವಿರಳವೆಂದೇ ಹೇಳಬೇಕು. ಇದರ ಜೊತೆಗೆ ವಿಜ್ಞಾನ, ಅರ್ಥಶಾಸ್ತ್ರ, ಕಾನೂನು, ರಾಜಕಾರಣಗಳೆಲ್ಲ ಇಲ್ಲಿ ಬೆರೆಯುವುದರಿಂದ, ಸಹವಿದ್ವಾಂಸರ ಪರಿಶೀಲನೆಗೆ ಒಳಗಾಗಿ ಪ್ರಕಟವಾದ ಲೇಖನವೂ ಕಂಪನಿಯೊಂದು ತನ್ನನ್ನೇ ಹೊಗಳಿಕೊಂಡ ವಾರ್ಷಿಕ ವರದಿಯೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕುಳಿತುಬಿಡುವ ಅಪಾಯವಿದೆ.

ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳ ಬಳಕೆ ಸುಸ್ಥಿರವೇ ಎಂಬ ಪ್ರಬಂಧವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಡಿಕೆ ತೋಟಕ್ಕೆ ಬೇಕಾದ ಹಸಿಸೊಪ್ಪು, ದರಕುಗಳನ್ನು ತರುವ ಹಕ್ಕು ಬೆಳೆಗಾರರಿಗಿದ್ದು, ನೆಲ ಮಾತ್ರ ಸರ್ಕಾರದ್ದಾಗಿರುವ ಕಾಡುಗಳಿವು. ಈ ವಿಷಯ ಹಿಡಿದವರಿಗೆ ಮೊದಲು ಎದುರಾಗುವುದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ. ಎಲ್ಲರಿಗೂ ಮುಕ್ತವಾದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡುತ್ತ ಹೋದರೆ ಕೊನೆಗೆ ಎಲ್ಲರೂ ಕೆಡುತ್ತಾರೆ ಎಂಬುದು ಅಲ್ಲಿಯ ಪ್ರಸಿದ್ಧ ದೃಷ್ಟಾಂತ. ಲೇಖನವನ್ನು ಇಡಿಯಾಗಿ ಓದಿದವರಿಗೆ, ಅದರ ಮುಖ್ಯ ಚಿಂತೆ ಹುಲ್ಲುಗಾವಲಲ್ಲ, ಜನಸಂಖ್ಯೆಯ ಏರಿಕೆ ಎಂಬುದೂ, ಆ ದೃಷ್ಟಾಂತ ಕ್ಷೇತ್ರಾಧ್ಯಯನದ ಫಲವಲ್ಲ, ಊಹೆಯ ಚಿತ್ರ ಎಂಬುದೂ ತಿಳಿಯುತ್ತದೆ. ಹಾರ್ಡಿನ್ ಅವರೇ ಮುಂದೆ, ನಿರ್ವಹಣೆಯಿಲ್ಲದ ಸಾಮುದಾಯಿಕ ಸಂಪನ್ಮೂಲವೆಂದು ತಾವು ಹೇಳಬೇಕಿತ್ತೆಂದು ಒಪ್ಪಿಕೊಂಡರು. ಟಿಪ್ಪಣಿಯಲ್ಲಿ ಇರಬೇಕಾದದ್ದು ಇಂಥ ಸಂಗತಿ. ಲೇಖನ ಬಹಳ ಮಹತ್ವದ್ದು ಎಂಬ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ.

ಎಲಿನಾರ್ ಆಸ್ಟ್ರಮ್ 1990ರಲ್ಲಿ ಪ್ರಕಟಿಸಿದ ‘ಗವರ್ನಿಂಗ್ ದ ಕಾಮನ್ಸ್’ ಕೃತಿಯನ್ನು ಇದರ ಪಕ್ಕದಲ್ಲಿಟ್ಟಾಗ ಗ್ರಂಥಸೂಚಿಗೆ ಜೀವ ಬರುತ್ತದೆ. ಸ್ವಿಟ್ಜರ್ಲೆಂಡಿನ ಮೇವುಮಾಳಗಳು, ಜಪಾನಿನ ಹಳ್ಳಿಗಳ ಕಾಡುಗಳು, ಸ್ಪೇನಿನ ನೀರಾವರಿ ಕಾಲುವೆಗಳನ್ನು ಪರಿಶೀಲಿಸಿದ ಆಸ್ಟ್ರಮ್, ಬಳಕೆದಾರರೇ ನಿಯಮ ರೂಪಿಸಿ, ಕಾವಲಿಟ್ಟು, ತಪ್ಪಿದವರಿಗೆ ಹಂತಹಂತವಾಗಿ ದಂಡ ವಿಧಿಸಿದಲ್ಲಿ ಸಂಪನ್ಮೂಲ ಶತಮಾನಗಳ ಕಾಲ ಉಳಿದಿರುವುದನ್ನು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಸೊಪ್ಪಿನ ಬೆಟ್ಟದಲ್ಲಿ ಒಡೆತನ ಸರ್ಕಾರದ್ದು, ಅನುಭೋಗ ತೋಟದವರದ್ದು ಆಗಿರುವುದರಿಂದ ಆಸ್ಟ್ರಮ್ ಅವರ ಸೂತ್ರಗಳು ಇಲ್ಲಿ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬ ಪ್ರಶ್ನೆಯನ್ನು ಟಿಪ್ಪಣಿಯಲ್ಲೇ ಎತ್ತಬೇಕಾಗುತ್ತದೆ. ಪ್ರಬಂಧದ ವಾದ ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ.

ಈ ಬೆಟ್ಟಗಳಿರುವ ಪಶ್ಚಿಮ ಘಟ್ಟದ ಕುರಿತ ಸರ್ಕಾರಿ ವರದಿಗಳನ್ನೂ ಹೀಗೆಯೇ ಎದುರುಬದುರು ಇರಿಸಿ ಓದಬೇಕು. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರ ವರದಿಯಲ್ಲಿ ಇಡೀ ಘಟ್ಟವನ್ನು ಪರಿಸರ ಸೂಕ್ಷ್ಮವೆಂದು ಪರಿಗಣಿಸಿ ಮೂರು ವಲಯಗಳಾಗಿ ವಿಂಗಡಿಸಿ, ನಿರ್ಧಾರಗಳಲ್ಲಿ ಗ್ರಾಮಸಭೆಗಳಿಗೆ ಪಾತ್ರವಿರಬೇಕೆಂದಿತು. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಸುಮಾರು ಶೇಕಡಾ 37ರಷ್ಟು ಪ್ರದೇಶವನ್ನು ಮಾತ್ರ ಸೂಕ್ಷ್ಮವೆಂದು ಗುರುತಿಸಿತು. ಎರಡೂ ಸಮಿತಿಗಳು ಘಟ್ಟದ ಸೀಮೆಯನ್ನು ಒಂದೇ ರೀತಿ ಎಳೆದಿಲ್ಲವಾದ್ದರಿಂದ, ಅಂಕಿಗಳನ್ನು ಹೋಲಿಸುವ ಮೊದಲು ಅವು ಯಾವ ಆಧಾರದ ಮೇಲೆ ನಿಂತಿವೆ ಎಂಬುದನ್ನು ಟಿಪ್ಪಣಿಯಲ್ಲಿ ನಮೂದಿಸುವುದು ಕ್ಷೇಮ.

ಉಳಿದದ್ದು ಬಹುತೇಕ ಶಿಸ್ತಿನ ಮಾತು. ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪ್ರಕಾಶಕರ ವಿವರಗಳನ್ನು ವಿಭಾಗ ಸೂಚಿಸಿದ ಶೈಲಿಯಲ್ಲಿ, ಅಕಾರಾದಿಯಾಗಿ ಕೊಡುವುದು ವಾಡಿಕೆ. ಕೃತಿಯ ಮೊದಲಲ್ಲಿರುವ ಸಾರಾಂಶವನ್ನೇ ಎತ್ತಿಕೊಂಡು ಟಿಪ್ಪಣಿಯೆಂದು ಬರೆದರೆ ಅದು ಕೃತಿಚೌರ್ಯವೇ ಸರಿ. ಪತ್ರಿಕಾ ವರದಿಗಳನ್ನು ಕೈಬಿಡಬೇಕಿಲ್ಲ. ಅವು ಕಾಡಿನ ಸ್ಥಿತಿಗೆ ಪುರಾವೆಯಾಗದಿದ್ದರೂ, ಗಾಡ್ಗೀಳ್ ಮತ್ತು ಕಸ್ತೂರಿರಂಗನ್ ಸಮಿತಿಗಳ ವರದಿಗಳಿಗೆ ಮಲೆನಾಡಿನ ಗ್ರಾಮಸ್ಥರು ತೋರಿದ ಪ್ರತಿಕ್ರಿಯೆಗೆ ಒಳ್ಳೆಯ ಪುರಾವೆಯಾಗಬಲ್ಲವು.