ಕೀಲು ತಪ್ಪುವ ಹೆಗಲೂ ನೂಲಿನ ಲಂಗರೂ

ಕೀಲು ಕಳಚುವುದನ್ನು ಸುಶ್ರುತಸಂಹಿತೆಯು ಸಂಧಿಮುಕ್ತವೆಂದು ಕರೆದು, ಅದರ ಆರು ಭೇದಗಳನ್ನು ನಿದಾನಸ್ಥಾನದಲ್ಲಿ ಹೇಳಿದೆ. ಅಂಸಸಂಧಿಯು, ಎಂದರೆ ಹೆಗಲಿನ ಕೀಲು, ತಪ್ಪಿದಲ್ಲಿ ಕಂಕುಳನ್ನು ಒನಕೆಯಿಂದ ಮೇಲಕ್ಕೆತ್ತಿ, ಅದು ಸ್ವಸ್ಥಾನಕ್ಕೆ ಬಂದ ಮೇಲೆ ಸ್ವಸ್ತಿಕವೆಂಬ ಕಟ್ಟನ್ನು ಕಟ್ಟತಕ್ಕದ್ದೆಂಬುದು ಚಿಕಿತ್ಸಾಸ್ಥಾನದ ವಿಧಿ. ಕೂಡಿಸುವುದು ಬೇರೆ, ಕೂಡಿದುದನ್ನು ನಿಲ್ಲಿಸುವುದು ಬೇರೆ ಎಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ. (ಗ್ರೀಸಿನ ಹಿಪ್ಪೋಕ್ರಟೀಸನ ಹೆಸರಿನ ಗ್ರಂಥದಲ್ಲಿಯೂ ಒನಕೆಯ ಉಪಾಯವುಂಟು, ಯಾರಿಂದ ಯಾರು ಕಲಿತರೆಂಬ ವಾದಕ್ಕೆ ಇಷ್ಟೇ ಆಧಾರವು ಸಾಲದು.)

ನಿಲ್ಲಿಸುವುದೇ ಕಷ್ಟ. ಹೆಗಲಹಲಗೆಯ ಕುಳಿಯು ಆಳವಿಲ್ಲದುದು. ಅದರ ಅಂಚನ್ನು ಸುತ್ತಿರುವ ನಾರಿನ ಬಳೆಯು ತೋಳೆಲುಬಿನ ಗುಂಡನ್ನು ತಡೆದಿರುತ್ತದೆ. ಆ ಬಳೆಯು ಮುಂಭಾಗದಲ್ಲಿ ಕಿತ್ತುಬರುವುದೇ ಹೆಗಲು ಪದೇಪದೇ ತಪ್ಪುವುದಕ್ಕೆ ಕಾರಣವೆಂದು ಲಂಡನ್ನಿನ ಬ್ಯಾಂಕಾರ್ಟನು 1923ರಲ್ಲಿ ಪ್ರತಿಪಾದಿಸಿದನು. ಅದನ್ನು ಮರಳಿ ಹೊಲಿಯುವ ಶಸ್ತ್ರಕ್ರಿಯೆಯನ್ನು ಈಗ ಸಣ್ಣ ರಂಧ್ರಗಳಲ್ಲಿ ದರ್ಶಕನಳಿಕೆಯನ್ನು ತೂರಿಸಿ ನಡೆಯಿಸುವರು. ಹೊಲಿಗೆಯ ದಾರವನ್ನು ಎಲುಬಿಗೆ ನೆಡಲು ಮೊದಲು ಲೋಹದ ಮೊಳೆಗಳೂ ಬಳಿಕ ದೇಹದಲ್ಲಿ ಕರಗುವ ಮೊಳೆಗಳೂ ಬಂದವು. ಮೃದು ಲಂಗರಾದರೋ ಬರಿಯ ನೂಲು. ಕಿರಿದಾದ ತೂತಿನೊಳಕ್ಕೆ ಅದನ್ನಿಳಿಸಿ ದಾರವನ್ನು ಜಗ್ಗಿದರೆ, ಎಲುಬಿನ ಗಟ್ಟಿಯಾದ ಹೊರಪದರದ ಕೆಳಗೆ ಮುದುಡಿ ಉಂಡೆಯಾಗಿ ಸಿಕ್ಕಿಕೊಳ್ಳುತ್ತದೆ. ತೂತು ಸಣ್ಣದಾದುದರಿಂದ ಎಲುಬಿನ ನಷ್ಟವು ಕಡಮೆ. ಕೆಲವರಲ್ಲಿ ಆ ತೂತು ಬರಬರುತ್ತ ಹಿಗ್ಗುವುದೂ ಉಂಟು.

ಕೀಲು ಮರಳಿ ತಪ್ಪುವ ವಿಷಯದಲ್ಲಿ ನೂಲಿಗೂ ಮೊಳೆಗೂ ಹೇಳತಕ್ಕ ಅಂತರವು ಪರೀಕ್ಷೆಗಳಲ್ಲಿ ಕಂಡಿಲ್ಲ. ಫಲವು ಬಹುಮಟ್ಟಿಗೆ ಎಲುಬನ್ನು ಅವಲಂಬಿಸಿದೆ. ಬರ್ಕ್‌ಹಾರ್ಟ್ ಮತ್ತು ಡಿ ಬಿಯರ್ ಎಂಬ ವೈದ್ಯರು 194 ಹೊಲಿಗೆಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎಲುಬು ಹೆಚ್ಚಾಗಿ ಸವೆಯದವರಲ್ಲಿ ನೂರಕ್ಕೆ 4ರಲ್ಲಿಯೂ, ಬಹಳ ಸವೆದವರಲ್ಲಿ ನೂರಕ್ಕೆ 67ರಲ್ಲಿಯೂ ಹೆಗಲು ಮತ್ತೆ ಅಸ್ಥಿರವಾಯಿತು. ಅಂಥವರಿಗೆ ಎಲುಬಿನ ತುಂಡನ್ನೇ ಕುಳಿಯಂಚಿಗೆ ಕೂಡಿಸುವ, ಫ್ರಾನ್ಸಿನ ಲಾತಾರ್ಜೆಯು 1954ರಲ್ಲಿ ತಿಳಿಸಿದ ಕ್ರಮವೇ ಯುಕ್ತವಾದುದು.

ಕೊಪ್ಪಳದ ಸೀಮೆಗೆ ಈ ವಿಚಾರವು ದೂರದುದಲ್ಲ. ಗಂಗಾವತಿಯ ಅಕ್ಕಿಗಿರಣಿಗಳಲ್ಲಿ ಮೂಟೆಯೆತ್ತುವ ಹಮಾಲನಿಗೂ ಕುಷ್ಟಗಿ, ಯಲಬುರ್ಗಿಗಳ ಬೆದ್ದಲಹೊಲದ ರೈತನಿಗೂ ಹೆಗಲೇ ಬಂಡವಾಳ. ತಪ್ಪಿದ ಕೀಲನ್ನು ಎಳೆಯಿಸಿ ಕೂಡಿಸಿಕೊಂಡು ಮರುದಿನವೇ ದುಡಿಮೆಗೆ ಹೊರಡುವವನಲ್ಲಿ ಅದು ಮತ್ತೆ ಮತ್ತೆ ತಪ್ಪಿ, ಕುಳಿಯ ಅಂಚು ಸವೆಯುತ್ತ ಹೋಗುವುದು. ನೂಲಿನಿಂದ ಆಗಬಹುದಾಗಿದ್ದ ಕಾರ್ಯವು ಆಮೇಲೆ ಅದರಿಂದಾಗದು. ಹೊಲಿಗೆಯಾದ ಬಳಿಕವೂ ಕೆಲವು ವಾರ ತೋಳನ್ನು ಜೋಲಿಯಲ್ಲಿಟ್ಟು, ಕೆಲವು ತಿಂಗಳು ಭಾರವನ್ನು ವರ್ಜಿಸಬೇಕು. ದಿನಗೂಲಿಯವನಿಗೆ ಇದು ಸಣ್ಣ ಬೆಲೆಯಲ್ಲ. ಆದುದರಿಂದ ಕೀಲು ಮರಳಿ ತಪ್ಪಲಿಲ್ಲವೆಂಬುದನ್ನಷ್ಟೇ ಫಲವೆಂದೆಣಿಸುವುದು ಅರೆಲೆಕ್ಕ. ತೋಳನ್ನು ಮೇಲೆತ್ತಿ ಹೊರಕ್ಕೆ ತಿರುಗಿಸುವಾಗ ಅಂಜಿಕೆಯು ಉಳಿದಿದೆಯೆ, ಮೂಟೆಯನ್ನು ಮತ್ತೆ ಎತ್ತಬಲ್ಲನೆ ಎಂಬುದನ್ನೂ ಅದರಲ್ಲಿ ಸೇರಿಸತಕ್ಕದ್ದು.