ಚಾರ್ಟಿನ ಶೀರ್ಷಿಕೆಯು ದತ್ತಾಂಶವನ್ನು ಅನುಸರಿಸುವ ಬಗೆ

ಎಕ್ಸೆಲ್ಲಿನ ಹಾಳೆಯಲ್ಲಿ ಒಂದು ಅಂಕಿಯನ್ನು ತಿದ್ದಿದೊಡನೆ ಅದನ್ನು ಅವಲಂಬಿಸಿದ ಮೊತ್ತವು ತಾನಾಗಿ ಬದಲಾಗುವುದೂ, ಮೊತ್ತವು ಬದಲಾದೊಡನೆ ಅದರಿಂದ ರಚಿತವಾದ ಚಾರ್ಟಿನ ಕಂಬಗಳು ಏರಿಳಿಯುವುದೂ ಈಗ ಎಲ್ಲರಿಗೂ ಪರಿಚಿತವಾದ ಸಂಗತಿಯೇ. ಆದರೆ ಆ ಚಾರ್ಟಿನ ನೆತ್ತಿಯಲ್ಲಿ ನಾವು ಕೈಯಾರೆ ಬರೆದ ಶೀರ್ಷಿಕೆ, ಕೆಳಗಿನ ಅಂಕಿಗಳು ಎಷ್ಟೇ ಬದಲಾದರೂ, ಬರೆದ ದಿನ ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ಮಾರ್ಗ ಬದಲಾದರೂ ಹಳೆಯ ಊರಿನ ಬೋರ್ಡನ್ನೇ ಹೊತ್ತು ಹೊರಟ ಬಸ್ಸಿನಂತೆ, ಅದು ನಂಬಿ ನೋಡಿದವರನ್ನು ತಪ್ಪುದಾರಿಗೆ ಒಯ್ಯುತ್ತದೆ. ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿಯು ಏಪ್ರಿಲ್ ತಿಂಗಳ ಚಾರ್ಟನ್ನು ಸಭೆಯ ಮುಂದಿಟ್ಟಾಗ ಮೇಲೆ ‘ಮಾರ್ಚ್’ ಎಂದೇ ಇದ್ದರೆ, ಅಂಕಿಗಳೆಲ್ಲ ಸರಿಯಾಗಿದ್ದರೂ ಆ ಪುಟವು ಅಸತ್ಯವನ್ನು ನುಡಿದಂತೆಯೇ ಆಯಿತು. ಏಕೆಂದರೆ ಶೀರ್ಷಿಕೆಯೆಂಬುದು ಅಲಂಕಾರವಲ್ಲ. ಅದು ದತ್ತಾಂಶದ ವಿಷಯವಾಗಿ ನಾವು ಮಾಡುವ ಒಂದು ಪ್ರತಿಪಾದನೆ.

ಆದುದರಿಂದ ಶೀರ್ಷಿಕೆಯನ್ನು ಬರೆಯುವುದಕ್ಕಿಂತ ಒಂದು ಸೆಲ್ಲಿಗೆ ಜೋಡಿಸುವುದು ಮೇಲು. ವಿಧಾನ ಸರಳವಾಗಿದೆ. ಚಾರ್ಟಿನ ಶೀರ್ಷಿಕೆಯ ಮೇಲೆ ಒಮ್ಮೆ ಮಾತ್ರ ಕ್ಲಿಕ್ ಮಾಡಿ, ಹಾಳೆಯ ಮೇಲುಗಡೆಯ ಫಾರ್ಮುಲಾ ಬಾರಿನಲ್ಲಿ ಸಮ ಚಿಹ್ನೆಯನ್ನು ಹಾಕಿ, ಬೇಕಾದ ಸೆಲ್ಲನ್ನು ಕ್ಲಿಕ್ ಮಾಡಿ ಎಂಟರ್ ಒತ್ತಿದರೆ ಮುಗಿಯಿತು. ಫಾರ್ಮುಲಾ ಬಾರಿನಲ್ಲಿ ಆಗ ಹಾಳೆಯ ಹೆಸರು, ಆಶ್ಚರ್ಯಸೂಚಕ ಚಿಹ್ನೆ, ಡಾಲರ್ ಚಿಹ್ನೆಗಳೊಡನೆ ಸೆಲ್ಲಿನ ವಿಳಾಸ ಕಾಣಿಸುತ್ತದೆ. ಅಲ್ಲಿಂದ ಮುಂದೆ ಆ ಸೆಲ್ಲಿನಲ್ಲಿ ಏನು ತೋರುತ್ತದೆಯೋ ಅದೇ ಶೀರ್ಷಿಕೆ.

ಇಷ್ಟು ಸರಳವಾದ ಕ್ರಮದಲ್ಲಿಯೂ ಹೊಸಬರು ಎಡವುವ ಎರಡು ಸ್ಥಳಗಳಿವೆ. ಮೊದಲನೆಯದು ಎರಡನೆಯ ಕ್ಲಿಕ್. ಒಮ್ಮೆ ಕ್ಲಿಕ್ ಮಾಡಿದಾಗ ಶೀರ್ಷಿಕೆಯ ಸುತ್ತ ಅಖಂಡವಾದ ರೇಖೆ ಕಾಣಿಸುತ್ತದೆ. ಮತ್ತೊಮ್ಮೆ ಕ್ಲಿಕ್ ಮಾಡಿದರೆ ರೇಖೆ ತುಂಡುತುಂಡಾಗಿ, ಒಳಗೆ ಕರ್ಸರ್ ಮಿನುಗತೊಡಗುತ್ತದೆ. ಆಗ ನೀವಿರುವುದು ಅಕ್ಷರಗಳನ್ನು ತಿದ್ದುವ ಸ್ಥಿತಿಯಲ್ಲಿ. ಅಲ್ಲಿ ಸಮ ಚಿಹ್ನೆಯೊಡನೆ ಏನನ್ನು ಬರೆದರೂ ಅದು ಬರಿಯ ಅಕ್ಷರವಾಗಿಯೇ ಶೀರ್ಷಿಕೆಯಲ್ಲಿ ಉಳಿದುಬಿಡುತ್ತದೆ. ಎಸ್ಕೇಪ್ ಕೀಲಿಯನ್ನು ಒತ್ತಿ ಹೊರಬಂದು, ರೇಖೆ ಮತ್ತೆ ಅಖಂಡವಾದುದನ್ನು ನೋಡಿಕೊಂಡು ಮುಂದುವರಿಯಬೇಕು. ಎರಡನೆಯದು, ಸೂತ್ರವನ್ನೇ ಶೀರ್ಷಿಕೆಯಲ್ಲಿ ಬರೆಯಲು ಹೊರಡುವುದು. ಶೀರ್ಷಿಕೆಯು ಒಂದೇ ಒಂದು ಸೆಲ್ಲಿನ ವಿಳಾಸವನ್ನು ಹಿಡಿದಿಟ್ಟುಕೊಳ್ಳಬಲ್ಲುದೇ ಹೊರತು ಯಾವ ಗಣನೆಯನ್ನೂ ಮಾಡಲಾರದು. ವಿಳಾಸದ ಮುಂದೆ ಇನ್ನೊಂದು ಮಾತನ್ನು ಸೇರಿಸಹೋದರೆ ಎಕ್ಸೆಲ್ ಅದನ್ನು ತಿರಸ್ಕರಿಸುತ್ತದೆ. ಆದುದರಿಂದ ವಾಕ್ಯರಚನೆಯೆಲ್ಲವೂ ಸೆಲ್ಲಿನಲ್ಲಿ ನಡೆಯತಕ್ಕದ್ದು. ಶೀರ್ಷಿಕೆಯ ಕೆಲಸ ಅದನ್ನು ತೋರಿಸುವುದಷ್ಟೇ. ಜೋಡಿಸಿದ ಮೇಲೆ ಶೀರ್ಷಿಕೆಯ ಒಂದೆರಡು ಪದಗಳನ್ನು ಮಾತ್ರ ದಪ್ಪಕ್ಷರ ಮಾಡಲು ಬರುವುದಿಲ್ಲವೆಂಬುದನ್ನೂ, ಅದರ ಮೇಲೆ ಕೈಯಿಂದ ಏನನ್ನಾದರೂ ಬರೆದರೆ ಜೋಡಣೆಯೇ ಕಡಿದುಹೋಗುವುದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಈಗ ವಾಕ್ಯವನ್ನು ಕಟ್ಟೋಣ. ಸಂಘದ ಹಾಳೆಯಲ್ಲಿ ಎ ಕಾಲಮ್ಮಿನಲ್ಲಿ ದಿನಾಂಕಗಳೂ ಬಿ ಕಾಲಮ್ಮಿನಲ್ಲಿ ಆಯಾ ದಿನ ಶೇಖರವಾದ ಹಾಲಿನ ಲೀಟರುಗಳೂ ಇವೆಯೆನ್ನಿ. ಡಿ1 ಎಂಬ ಸೆಲ್ಲಿನಲ್ಲಿ 30 ಏಪ್ರಿಲ್ 2024 ಎಂಬ ದಿನಾಂಕವಿದೆ. ‘ಹಾಲು ಶೇಖರಣೆ’ ಎಂಬ ಮಾತನ್ನು ಉದ್ಧರಣ ಚಿಹ್ನೆಗಳೊಳಗಿಟ್ಟು, & ಚಿಹ್ನೆಯಿಂದ ಡಿ1ಕ್ಕೆ ಕೂಡಿಸಿದರೆ ಬರುವುದೇನು? ‘ಹಾಲು ಶೇಖರಣೆ 45412’. ಇದನ್ನು ಕಂಡು ಹಾಳೆಯೇ ಕೆಟ್ಟಿತೆಂದು ಭಾವಿಸಿ ಸೂತ್ರವನ್ನು ಅಳಿಸಿ, ಮತ್ತೆ ಕೈಯಲ್ಲಿ ಬರೆಯುವ ಪದ್ಧತಿಗೇ ಹಿಂದಿರುಗಿದವರು ಬಹುಮಂದಿ. ಅವರಿಗಾಗಿ ಇಲ್ಲಿ ಸ್ವಲ್ಪ ನಿಲ್ಲಲೇಬೇಕು.

ಎಕ್ಸೆಲ್ ದಿನಾಂಕವನ್ನು ದಿನಾಂಕವಾಗಿ ಇಟ್ಟುಕೊಳ್ಳುವುದೇ ಇಲ್ಲ. 1900ನೆಯ ಇಸವಿಯ ಜನವರಿ 1ಕ್ಕೆ 1 ಎಂಬ ಸಂಖ್ಯೆಯನ್ನು ಕೊಟ್ಟು, ಅಲ್ಲಿಂದ ದಿನಕ್ಕೊಂದರಂತೆ ಎಣಿಸುತ್ತ ಬಂದು, ಪ್ರತಿಯೊಂದು ದಿನವನ್ನೂ ಒಂದು ಅನುಕ್ರಮ ಸಂಖ್ಯೆಯಾಗಿಯೇ ಅದು ನೆನಪಿನಲ್ಲಿಡುತ್ತದೆ. ಎರಡು ದಿನಾಂಕಗಳನ್ನು ಕಳೆದರೆ ನಡುವಣ ದಿನಗಳ ಸಂಖ್ಯೆ ತಟ್ಟನೆ ದೊರೆಯುವುದು ಈ ಕಾರಣದಿಂದಲೇ. (ಈ ಎಣಿಕೆಯಲ್ಲಿ 60ನೆಯ ಸಂಖ್ಯೆ 1900ರ ಫೆಬ್ರವರಿ 29ಕ್ಕೆ ಸಲ್ಲುತ್ತದೆ, ಆದರೆ ಆ ವರ್ಷ ಅಧಿಕವರ್ಷವಾಗಿರಲಿಲ್ಲ, ಆ ದಿನ ಉದಯಿಸಲೇ ಇಲ್ಲ. ಎಕ್ಸೆಲ್ ಬಂದ ಕಾಲಕ್ಕೆ ಪ್ರಚಾರದಲ್ಲಿದ್ದ ಲೋಟಸ್ 1-2-3 ಎಂಬ ತಂತ್ರಾಂಶದಲ್ಲಿ ಈ ದೋಷವಿತ್ತು; ಅದರ ಕಡತಗಳಿಗೆ ಹೊಂದಿಕೊಳ್ಳಲೆಂದು ಎಕ್ಸೆಲ್ ತಿಳಿದೇ ಅದನ್ನು ಉಳಿಸಿಕೊಂಡಿತು. ಒಂದು ಇಲ್ಲದ ದಿನವು ಕೋಟ್ಯಂತರ ಹಾಳೆಗಳಲ್ಲಿ ಇಂದಿಗೂ ನೆಲೆಸಿರುವುದನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ.) ‘30 ಏಪ್ರಿಲ್ 2024’ ಎಂದು ನಮಗೆ ಕಾಣುವುದು ಆ ಸಂಖ್ಯೆಗೆ ಸೆಲ್ಲು ತೊಡಿಸಿರುವ ರೂಪ; & ಚಿಹ್ನೆಯು ರೂಪವನ್ನು ಬಿಟ್ಟು ಮೌಲ್ಯವನ್ನು ಮಾತ್ರ ತೆಗೆದುಕೊಳ್ಳುವುದರಿಂದ 45412 ಎಂಬುದು ಬಯಲಾಗುತ್ತದೆ. ತಪ್ಪೇನೂ ನಡೆದಿಲ್ಲ.

ಪರಿಹಾರವೆಂದರೆ ಟೆಕ್ಸ್ಟ್ ಎಂಬ ಫಂಕ್ಷನ್. (ಫಂಕ್ಷನ್ನುಗಳ ಹೆಸರನ್ನು ಹಾಳೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು, ಇಲ್ಲಿ ಉಚ್ಚಾರಣೆಯಂತೆ ಕೊಟ್ಟಿದ್ದೇನೆ.) ಅದಕ್ಕೆ ಡಿ1ರ ಸಂಖ್ಯೆಯನ್ನೂ, ಬೇಕಾದ ರೂಪವನ್ನೂ ಒಪ್ಪಿಸಬೇಕು: ಎಂ ಅಕ್ಷರವನ್ನು ನಾಲ್ಕು ಸಲ ಬರೆದರೆ ತಿಂಗಳ ಪೂರ್ಣ ಹೆಸರು, ವೈ ಅಕ್ಷರವನ್ನು ನಾಲ್ಕು ಸಲ ಬರೆದರೆ ಪೂರ್ಣ ಇಸವಿ. ಕನ್ನಡಿಗರು ತಿಳಿಯಲೇಬೇಕಾದ ಇನ್ನೊಂದು ಸೌಕರ್ಯವೂ ಇದರಲ್ಲಿದೆ. ಆ ರೂಪದ ಆರಂಭದಲ್ಲಿ ಚದರ ಆವರಣದೊಳಗೆ ಡಾಲರ್ ಚಿಹ್ನೆ, ಅಡ್ಡಗೆರೆ, 44ಬಿ ಎಂದು ಬರೆದರೆ ತಿಂಗಳ ಹೆಸರು ಕನ್ನಡದಲ್ಲಿಯೇ ಬರುತ್ತದೆ. 44ಬಿ ಎಂಬುದು ವಿಂಡೋಸ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ನಿಗದಿಯಾದ ಸಂಕೇತ. ‘ಹಾಲು ಶೇಖರಣೆ – ಏಪ್ರಿಲ್ 2024’ ಎಂಬ ಶುದ್ಧ ಕನ್ನಡ ಶೀರ್ಷಿಕೆಯು ಯಾರ ಕೈಯೂ ತಗಲದೆ ತಿಂಗಳು ತಿಂಗಳೂ ಮೂಡುವುದನ್ನು ಕಂಡ ಮೇಲೆ ಕನ್ನಡ ವರದಿಗೆ ಇಂಗ್ಲಿಷ್ ತಿಂಗಳೇ ಗತಿಯೆಂದು ಯಾರೂ ಹೇಳಲಾರರು.

ಇನ್ನು ನಾನು ಅತ್ಯಂತ ಮುಖ್ಯವೆಂದು ಎಣಿಸಿರುವ ವಿಷಯಕ್ಕೆ ಬರುತ್ತೇನೆ. ಡಿ1ರಲ್ಲಿರುವ ದಿನಾಂಕ ಎಲ್ಲಿಂದ ಬರಬೇಕು? ಬಹುಪಾಲು ಜನರ ಉತ್ತರ ಸಿದ್ಧವಾಗಿದೆ: ಟುಡೇ ಎಂಬ ಫಂಕ್ಷನ್. ಅದು ಇಂದಿನ ದಿನಾಂಕವನ್ನು ತಾನಾಗಿ ಕೊಡುತ್ತದೆ, ಶೀರ್ಷಿಕೆಯೂ ತಾನಾಗಿ ಬದಲಾಗುತ್ತದೆ. ಇನ್ನೇನು ಬೇಕು ಎಂದು ಕೇಳುತ್ತಾರೆ. ಆದರೆ ಟುಡೇ ಎಂಬುದು ಕಡತವನ್ನು ತೆರೆದಾಗಲೆಲ್ಲ ಹೊಸದಾಗಿ ಗಣಿಸಲ್ಪಡುವಂಥದು. ಏಪ್ರಿಲ್ ತಿಂಗಳ ಅಂಕಿಗಳಿರುವ ಕಡತವನ್ನು ಲೆಕ್ಕಪರಿಶೋಧಕರು ಆಗಸ್ಟಿನಲ್ಲಿ ತೆರೆದರೆ, ಏಪ್ರಿಲಿನ ಹಾಲಿನ ಮೇಲೆ ‘ಆಗಸ್ಟ್’ ಎಂಬ ಶೀರ್ಷಿಕೆ ನಿಂತಿರುತ್ತದೆ. ಕೈಯಲ್ಲಿ ಬರೆದ ಶೀರ್ಷಿಕೆ ಬರೆದ ದಿನವಾದರೂ ಸತ್ಯವಾಗಿತ್ತು. ಗಡಿಯಾರಕ್ಕೆ ಕಟ್ಟಿದ ಶೀರ್ಷಿಕೆಯೋ ತಿಂಗಳು ಕಳೆದಂತೆಲ್ಲ ಹೊಸ ಹೊಸ ಅಸತ್ಯವನ್ನು ನುಡಿಯುತ್ತ ಹೋಗುತ್ತದೆ, ಅದೂ ತಾನಾಗಿ. ಶೀರ್ಷಿಕೆಯು ಅನುಸರಿಸಬೇಕಾದುದು ದತ್ತಾಂಶವನ್ನು, ಕಾಲವನ್ನಲ್ಲ.

ಆದುದರಿಂದ ಡಿ1ರಲ್ಲಿ ಮ್ಯಾಕ್ಸ್ ಎಂಬ ಫಂಕ್ಷನ್ನನ್ನಿಟ್ಟು ಎ ಕಾಲಮ್ಮಿನ ಅತ್ಯಂತ ಈಚಿನ ದಿನಾಂಕವನ್ನು ಆರಿಸಿಕೊಳ್ಳುವುದು ಯುಕ್ತ. ಆದರೆ ತಿಂಗಳ ದಿನಾಂಕಗಳನ್ನೆಲ್ಲ ಮುಂಚಿತವಾಗಿಯೇ ತುಂಬಿಟ್ಟು, ಲೀಟರುಗಳನ್ನು ದಿನದಿನವೂ ಬರೆಯುವ ರೂಢಿ ಅನೇಕ ಕಡೆ ಇದೆ. ಹಾಗಿದ್ದಲ್ಲಿ ಹತ್ತನೆಯ ತಾರೀಖಿನಂದೇ ಮ್ಯಾಕ್ಸ್ ಮೂವತ್ತನೆಯದನ್ನು ಹೇಳಿಬಿಡುತ್ತದೆ. ಅಂಥವರು ಎಕ್ಸೆಲ್ 2019ರಿಂದೀಚೆಗೆ ದೊರೆಯುವ ಮ್ಯಾಕ್ಸ್‌ಇಫ್ಸ್ ಎಂಬುದನ್ನು ಬಳಸಿ, ಬಿ ಕಾಲಮ್ಮಿನಲ್ಲಿ ಸೊನ್ನೆಗಿಂತ ಹೆಚ್ಚು ಪ್ರಮಾಣವಿರುವ ದಿನಗಳಲ್ಲಿ ಈಚಿನದನ್ನು ಕೇಳಬೇಕು. ಫಿಲ್ಟರ್ ಹಾಕಿ ಕೆಲವು ಸಾಲುಗಳನ್ನಷ್ಟೇ ತೋರಿಸುವವರಿಗೆ ಬೇರೆಯೇ ಮಾರ್ಗವುಂಟು. ಚಾರ್ಟು ಸ್ವಭಾವತಃ ಕಾಣುವ ಸಾಲುಗಳನ್ನು ಮಾತ್ರ ಚಿತ್ರಿಸುತ್ತದೆ, ಮ್ಯಾಕ್ಸ್ ಮಾತ್ರ ಮರೆಯಾದವನ್ನೂ ಎಣಿಸುತ್ತದೆ. ಸಬ್‌ಟೋಟಲ್ ಎಂಬ ಫಂಕ್ಷನ್ನಿಗೆ 105 ಎಂಬ ಸಂಖ್ಯೆಯನ್ನು ಕೊಟ್ಟರೆ ಕಾಣುವ ಸಾಲುಗಳಲ್ಲಿನ ಕನಿಷ್ಠವನ್ನೂ, 104ನ್ನು ಕೊಟ್ಟರೆ ಗರಿಷ್ಠವನ್ನೂ ಅದು ಹೇಳುವುದರಿಂದ, ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂಬ ಅವಧಿಯನ್ನು ಶೀರ್ಷಿಕೆಯಲ್ಲಿ ಚಾರ್ಟಿಗೆ ಸರಿಯಾಗಿ ಹೊಂದುವಂತೆ ಬರೆಯಬಹುದು. ಇಷ್ಟಾದರೂ ದಿನಾಂಕ ತಪ್ಪಾಗಿ ಬಂದರೆ ಎ ಕಾಲಮ್ಮನ್ನೇ ಪರೀಕ್ಷಿಸಿ: ನಿಜವಾದ ದಿನಾಂಕಗಳು ಸೆಲ್ಲಿನ ಬಲಕ್ಕೆ ಒತ್ತಿ ನಿಲ್ಲುತ್ತವೆ, ಎಡಕ್ಕೆ ಒತ್ತಿ ನಿಂತವು ಪ್ರಾಯಶಃ ಅಕ್ಷರಗಳಾಗಿಯೇ ಉಳಿದವು, ಅವನ್ನು ಮ್ಯಾಕ್ಸ್ ಲೆಕ್ಕಕ್ಕೇ ಹಿಡಿಯದು.

ಚಾರ್ಟಿನ ಅಕ್ಷಗಳ ಶೀರ್ಷಿಕೆಗಳನ್ನೂ, ಹಾಳೆಯ ಮೇಲಿರಿಸಿದ ಟೆಕ್ಸ್ಟ್ ಬಾಕ್ಸುಗಳನ್ನೂ ಇದೇ ಕ್ರಮದಿಂದ ಸೆಲ್ಲಿಗೆ ಜೋಡಿಸಬಹುದು. ಆದರೆ ಒಂದು ಎಚ್ಚರಿಕೆ: ಫಾರ್ಮುಲಾಸ್ ಟ್ಯಾಬಿನಲ್ಲಿ ಯಾವ ಸೆಲ್ಲು ಯಾವುದನ್ನು ಅವಲಂಬಿಸಿದೆಯೆಂದು ಬಾಣಗಳಿಂದ ತೋರಿಸುವ ಸಾಧನವಿದೆಯಷ್ಟೆ, ಆ ಬಾಣಗಳು ಚಾರ್ಟಿನವರೆಗೆ ಹೋಗುವುದಿಲ್ಲ. ಶೀರ್ಷಿಕೆಯ ಸೆಲ್ಲನ್ನು ನಿರುಪಯೋಗಿಯೆಂದು ಭಾವಿಸಿ ಮುಂದೆ ಯಾರೂ ಅಳಿಸದಂತೆ, ‘ಇದು ಚಾರ್ಟಿನ ಶೀರ್ಷಿಕೆ’ ಎಂದು ಅದರ ಪಕ್ಕದಲ್ಲಿಯೇ ಬರೆದಿಡಬೇಕು.

ಆ ಬಾಣಗಳನ್ನು ಒಮ್ಮೆಯಾದರೂ ವಾಚಕರು ಹಾಕಿ ನೋಡಬೇಕೆಂದು ನನ್ನ ಪ್ರಾರ್ಥನೆ. ಯಾವ ಸೆಲ್ಲನ್ನು ಮೊದಲು ಗಣಿಸಬೇಕು, ಯಾವುದನ್ನು ಅನಂತರ ಎಂಬ ಪ್ರಶ್ನೆಯಲ್ಲಿಯೇ ಈ ತಂತ್ರಾಂಶದ ಜೀವಾಳವಿದೆ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ ಹೊರತಂದ ವಿಸಿಕ್ಯಾಲ್ಕ್ ಸಾಲುಸಾಲಾಗಿ ಅಥವಾ ಕಾಲಮ್ಮಿನಿಂದ ಕಾಲಮ್ಮಿಗೆ ಗಣಿಸುತ್ತಿದ್ದುದರಿಂದ, ಸೂತ್ರವು ತನಗಿಂತ ಮುಂದಿರುವ ಸೆಲ್ಲನ್ನು ಅವಲಂಬಿಸಿದ್ದರೆ ಬಳಕೆದಾರನು ಮತ್ತೊಮ್ಮೆ ಗಣನೆಯನ್ನು ನಡೆಸಬೇಕಾಗುತ್ತಿತ್ತು. ಅವಲಂಬನೆಯ ಕ್ರಮದಲ್ಲಿಯೇ ಗಣಿಸುವ ಉಪಾಯವನ್ನಾದರೋ ಅದಕ್ಕೂ ಹತ್ತು ವರ್ಷ ಹಿಂದೆ, 1969ರಲ್ಲಿ, ರೆನೆ ಪಾರ್ಡೊ ಮತ್ತು ರೆಮಿ ಲ್ಯಾಂಡೌ ಎಂಬಿಬ್ಬರು ತಮ್ಮ ಲ್ಯಾನ್ಪಾರ್ ಎಂಬ ತಂತ್ರಾಂಶದಲ್ಲಿ ಸಾಧಿಸಿದ್ದರು. ಇಂದಿನ ಎಕ್ಸೆಲ್ ಆ ಕ್ರಮವನ್ನು ಅನುಸರಿಸುವುದಲ್ಲದೆ, ತಿದ್ದಿದ ಅಂಕಿಯನ್ನು ಆಶ್ರಯಿಸಿದ ಸೆಲ್ಲುಗಳನ್ನು ಮಾತ್ರ ಆಯ್ದು ಗಣಿಸುತ್ತದೆ. ಬಿ ಕಾಲಮ್ಮಿನ ಕೆಳತುದಿಯಲ್ಲಿ ನೀವು ಬರೆದ ಒಂದು ಲೀಟರಿನ ಅಂಕಿ ಮ್ಯಾಕ್ಸ್‌ಇಫ್ಸ್‌ಗೂ, ಅಲ್ಲಿಂದ ಟೆಕ್ಸ್ಟ್‌ಗೂ, ಅಲ್ಲಿಂದ ಚಾರ್ಟಿನ ನೆತ್ತಿಗೂ ಏರುವ ಆ ಕ್ರಮವನ್ನು ಮುಂದಿನ ಅಧ್ಯಾಯದಲ್ಲಿ ಹೆಜ್ಜೆಹೆಜ್ಜೆಯಾಗಿ ನೋಡೋಣ.