ಒಂದು ಮೆಸ್ಸು, ಏಳು ಸೀಮೆ

ಹಾಸ್ಟೆಲಿನ ಹಬ್ಬದಲ್ಲಿ ಎರಡು ಬಗೆ. ಒಂದು ವರ್ಷದ ಕೊನೆಗೆ ಬರುವ ‘ಹಾಸ್ಟೆಲ್ ಡೇ’: ಭಾಷಣ, ಬಹುಮಾನ, ಹಾಡು, ಕುಣಿತ, ಒಂದು ಸಿಹಿಯೂಟ. ಇನ್ನೊಂದು, ಬೇರೆ ಬೇರೆ ಸೀಮೆಗಳಿಂದ ಬಂದು ಒಂದೇ ಸೂರಿನಡಿ ಮಲಗುವವರು ತಂತಮ್ಮ ಮನೆಯ ಹಬ್ಬವನ್ನು ಎಲ್ಲರ ತಟ್ಟೆಗೂ ಬಡಿಸುವಂಥದ್ದು. ಮೊದಲನೆಯದಕ್ಕೆ ಶಾಮಿಯಾನ, ಮೈಕು, ಮುಖ್ಯ ಅತಿಥಿ ಇದ್ದರೆ ನಡೆದುಹೋಗುತ್ತದೆ. ಎರಡನೆಯದಕ್ಕೆ ಮೆಸ್ಸಿನ ಭಟ್ಟರ ಒಪ್ಪಿಗೆ ಬೇಕು.

ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಂಥ ಊರಿನಿಂದ ಹೊರಟವರಿಗೆ ಇದರ ಲೆಕ್ಕಾಚಾರ ಪೂರ್ತಿ ಹೊಸದೇನಲ್ಲ. ಹೊನ್ನಾದೇವಿಯ ಊರು ಅದು. ಈ ತೆಂಗಿನ ಸೀಮೆಯ ಗ್ರಾಮದೇವತೆಗಳ ಹಬ್ಬದಲ್ಲಿ ತಮಟೆ ಬಡಿದು ಸಾರು ಹಾಕಿದ ಗಳಿಗೆಯಿಂದಲೇ ಕೆಲಸ ಹಂಚಿಹೋಗಿರುತ್ತದೆ. ಪಂಜು ಹಿಡಿಯುವವರು ಯಾರು, ಎಣ್ಣೆ ತರುವವರು ಯಾರು, ದೇವರನ್ನು ಹೊರುವವರು ಯಾರು, ಮನೆಗೆಷ್ಟು ವಂತಿಗೆ, ಯಾವ ದಿನ ಯಾರ ಆರತಿ? ಯಾವುದನ್ನೂ ಕಾಗದದ ಮೇಲೆ ಬರೆದಿರುವುದಿಲ್ಲ. ತಪ್ಪಿದರೆ ಮಾತ್ರ ನ್ಯಾಯ ಸೇರುತ್ತದೆ. ತೊಡಕೆಂದರೆ ಈ ಹಂಚಿಕೆ ಹುಟ್ಟಿನಿಂದ ಬಂದದ್ದು. ತಮಟೆ ಬಡಿಯುವ ಮನೆಯವನು ಗುಡಿಯ ಹೊಸ್ತಿಲು ದಾಟುವ ಮಾತು ಬಂದಾಗ ಅದೇ ಹಂಚಿಕೆ ಗೋಡೆಯಾಗಿ ನಿಲ್ಲುತ್ತದೆ. ಹಾಸ್ಟೆಲಿನ ಹಬ್ಬಕ್ಕೆ ಜಾತ್ರೆಯ ಕೆಲಸದ ಹಂಚಿಕೆ ಬೇಕು, ಹುಟ್ಟಿನ ಲೆಕ್ಕ ಬೇಡ. ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ ಇದು.

ಯಾಕೆಂದರೆ ಈ ನಾಡಿನ ಎಷ್ಟೋ ಹಾಸ್ಟೆಲುಗಳು ಶುರುವಾದದ್ದೇ ಆ ಲೆಕ್ಕದ ಮೇಲೆ. ಗುಬ್ಬಿಯ ತೋಟದಪ್ಪನವರ ಛತ್ರ ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ 1903ರಲ್ಲಿ ಬಾಗಿಲು ತೆರೆಯಿತು. ಅವರ ಧರ್ಮಸಂಸ್ಥೆ ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ಊಟ, ವಸತಿ ಕೊಟ್ಟಿತು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ತನ್ನ ಹುಡುಗರಿಗೆ ಹಾಸ್ಟೆಲ್ ನಡೆಸಿತು. ದಲಿತ ವಿದ್ಯಾರ್ಥಿಗಳಿಗೆ ನೆಲೆಯಾದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್, ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ ಓದಿದವರಿಗೆಲ್ಲ ಗೊತ್ತು. ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಬಾಡಿಗೆ ಕೋಣೆಯೂ ಸಿಗದಿದ್ದ ಕಾಲದಲ್ಲಿ ಈ ಹಾಸ್ಟೆಲುಗಳು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಒಳಗಿದ್ದವರದು ಬಹುಪಾಲು ಒಂದೇ ಹಬ್ಬ, ಒಂದೇ ಸಾರು. ತುರುವೇಕೆರೆ ಇರುವ ತುಮಕೂರು ಜಿಲ್ಲೆಯಲ್ಲೇ ಬೇರೆ ದಾರಿ ತೋರಿದ್ದು ಸಿದ್ಧಗಂಗಾ ಮಠ. ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು, ಎಲ್ಲ ಜಾತಿ ಮತದವರು, ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಆದರೂ ಅದು ಮಠದ ಪಂಕ್ತಿ. ಅಡುಗೆ ಒಂದೇ, ಪ್ರಾರ್ಥನೆ ಒಂದೇ. ಹಲವು ಅಡುಗೆಗಳಿಗೆ ಒಂದೇ ಒಲೆ ಹಂಚುವ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಆ ಪ್ರಶ್ನೆ ಏಳುವ ಜಾಗ ಮೈಸೂರು. ಮಾನಸಗಂಗೋತ್ರಿಯ ಮಗ್ಗುಲಲ್ಲಿ 1963ರಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಶುರುವಾಯಿತು. ಇಂದಿನ ಹೆಸರು ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಎಲ್ಲರ ಬಾಯಲ್ಲಿ ಆರ್‌ಐಇ. ಎನ್‌ಸಿಇಆರ್‌ಟಿಯ ಅಂಗವಾದ ಇಲ್ಲಿ ಪಿಯುಸಿ ಮುಗಿಸಿ ಮೇಷ್ಟರಾಗಲು ಹೊರಟವರು ನಾಲ್ಕು ವರ್ಷ ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಜೊತೆಗೆ ಪುದುಚೇರಿ ಮತ್ತು ಲಕ್ಷದ್ವೀಪ: ಈ ಏಳು ಸೀಮೆಗಳು ಅದರ ವ್ಯಾಪ್ತಿ. ಪಕ್ಕದಲ್ಲೇ ಇರುವ ಮೈಸೂರು ವಿಶ್ವವಿದ್ಯಾನಿಲಯದ ಹಾಸ್ಟೆಲುಗಳಿಗೆ ಇರಾನ್, ಅಫ್ಘಾನಿಸ್ತಾನ, ಯೆಮೆನ್, ಆಫ್ರಿಕದ ದೇಶಗಳಿಂದಲೂ ವಿದ್ಯಾರ್ಥಿಗಳು ಬಂದಿದ್ದಾರೆ. ಒಂದೇ ದಿನ ಓಣಂನ ಹೂರಂಗೋಲಿ ಪೂಕ್ಕಳಂ, ಪೊಂಗಲ್, ಬೇವು-ಬೆಲ್ಲ ಎಲ್ಲದರ ನೆನಪಾಗುವ ಜನ ಒಂದು ಕ್ಯಾಂಪಸ್ಸಿನಲ್ಲಿ ಸೇರಿದರೆ ಹಬ್ಬದ ಲೆಕ್ಕ ಬೇರೆಯೇ.

ಮೊದಲ ಕೆಲಸ ದಿನ ಗೊತ್ತುಮಾಡುವುದು. ಓಣಂ ಸೌರಮಾನ ಸಿಂಹಮಾಸದ ತಿರುವೋಣಂ ನಕ್ಷತ್ರಕ್ಕೆ, ಪೊಂಗಲ್ ಸಂಕ್ರಾಂತಿಗೆ, ಯುಗಾದಿ ಚಾಂದ್ರಮಾನದ ಪಾಡ್ಯಕ್ಕೆ. ರಂಜಾನ್ ಚಂದ್ರನ ಮೇಲಷ್ಟೇ ನಡೆಯುವುದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ ಹೋಗುತ್ತದೆ. ಇರಾನ್, ಅಫ್ಘಾನಿಸ್ತಾನದ ಹೊಸ ವರ್ಷ ನೌರೂಜ್ ಬರುವುದು ಮಾರ್ಚ್ 20 ಅಥವಾ 21ರ ಸುಮಾರಿಗೆ, ಹಗಲು ಇರುಳು ಸಮವಾಗುವ ಹೊತ್ತಿಗೆ. 2026ರಲ್ಲಿ ಮಾರ್ಚ್ 19ಕ್ಕೆ ಯುಗಾದಿ. ಅದರ ಬೆನ್ನಿಗೇ ನೌರೂಜ್, ಈದ್. ಇಂಥ ವರ್ಷ ಎಲ್ಲವನ್ನೂ ಸೇರಿಸಿ ಒಂದು ದಿನ ಮಾಡುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ಹಬ್ಬದ ದಿನವೇ ಹಬ್ಬ ಹಂಚಬಾರದು ಎಂಬುದು ಹಳೆಯ ವಾರ್ಡನ್ನರ ಅನುಭವ. ಮನೆಗೆ ಹೋಗುವವರು ಹೋಗಿರುತ್ತಾರೆ. ಉಳಿದವರಿಗೆ ಅಂದು ತಮ್ಮವರೊಡನೆ ಕೂರುವ ಮನಸ್ಸು. ಪರೀಕ್ಷೆಗೆ ಒಂದು ತಿಂಗಳಾದರೂ ಮುಂಚೆ ಬರುವ ಒಂದು ಶನಿವಾರ ಇದಕ್ಕೆ ಒಗ್ಗುತ್ತದೆ. ವಿದೇಶಿ ವಿದ್ಯಾರ್ಥಿಗಳಿರುವ ಕಡೆ ನವೆಂಬರ್ 11, ಅಂದರೆ ಮೌಲಾನಾ ಅಬುಲ್ ಕಲಾಂ ಆಜಾದರ ಹುಟ್ಟಿದ ದಿನವೂ ಒಪ್ಪುವಂಥದ್ದು. ಇಂಥವರಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆಸುವ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು 1950ರಲ್ಲಿ ಸ್ಥಾಪಿಸಿದವರು ಅವರೇ.

ಸಮಿತಿ, ದುಡ್ಡು ಇವೆರಡರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೀಮೆಗೊಬ್ಬರು ಸಮಿತಿಯಲ್ಲಿರಬೇಕು, ತಲೆ ಎಣಿಸಿ ಸ್ಥಾನ ಕೊಟ್ಟರೆ ಇಬ್ಬರೇ ಇರುವ ಲಕ್ಷದ್ವೀಪದವರ ದನಿ ಎಂದೂ ಕೇಳಿಸದು. ದುಡ್ಡನ್ನು ಮೆಸ್ ಬಿಲ್ಲಿಗೆ ಹಾಕಿ ಎಲ್ಲರಿಗೂ ಸಮನಾಗಿ ಹಂಚುವುದು ನೇರವಾದ ದಾರಿ. ಒಂದೊಂದು ಗುಂಪೂ ತನ್ನ ಅಡುಗೆಯ ಖರ್ಚು ತಾನೇ ಹಾಕಬೇಕೆಂದರೆ ಕಾಸಿದ್ದವರ ಹಬ್ಬ ದೊಡ್ಡದಾಗುತ್ತದೆ.

ಇನ್ನು ಅಡುಗೆಮನೆ. ಎಲ್ಲ ಜಗಳವೂ, ಎಲ್ಲ ರುಚಿಯೂ ಹುಟ್ಟುವುದು ಇಲ್ಲೇ. ತೆಂಗಿನಕಾಯನ್ನೇ ತೆಗೆದುಕೊಳ್ಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ತೆಂಗೆಂದರೆ ಉಂಡೆ ಕೊಬ್ಬರಿ: ಬಲಿತ ಕಾಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಹಾಗೇ ಬಿಟ್ಟು, ಒಳಗೆ ಗಿಟುಕು ಲೊಟಲೊಟ ಅಲ್ಲಾಡತೊಡಗಿದ ಮೇಲೆ ಸುಲಿದು ಒಡೆದು ಮಂಡಿಗೆ ಒಯ್ಯುವ ಸರಕು. ಮನೆಯಲ್ಲಿ ಒಗ್ಗರಣೆಗೆ ಮಾತ್ರ ಕಡಲೆಕಾಯಿ ಎಣ್ಣೆ. ಕೊಬ್ಬರಿ ಎಣ್ಣೆ ತಲೆಗೆ. ಕೇರಳದವರ ಅವಿಯಲ್‌ಗೆ ಕೊನೆಯಲ್ಲಿ ಹಸಿ ಕೊಬ್ಬರಿ ಎಣ್ಣೆ ಬೀಳದಿದ್ದರೆ ಅದು ಅವಿಯಲ್ಲೇ ಅಲ್ಲ. ಲಕ್ಷದ್ವೀಪದಲ್ಲಂತೂ ಹೇಳಿಕೊಳ್ಳುವ ಬೆಳೆ ತೆಂಗೊಂದೇ. ಅಲ್ಲಿ ಅದು ಸೂರೆ ಮೀನಿನ ಜೊತೆಗಾರ. ಮೂವರೂ ತೆಂಗಿನ ಮಕ್ಕಳೇ. ಆದರೆ ಒಬ್ಬನ ಒಗ್ಗರಣೆಯ ಘಮ ಇನ್ನೊಬ್ಬನಿಗೆ ಕ್ಷೌರದಂಗಡಿಯ ನೆನಪು ತರುತ್ತದೆ. ಹಬ್ಬದ ಹಿಂದಿನ ದಿನ ಒಂದೇ ತುರಿಮಣೆಯ ಸುತ್ತ ಕೂತು ಕಾಯಿ ತುರಿಯುವಾಗ ಏಳುವ ಈ ಮಾತು, ವೇದಿಕೆಯ ಯಾವ ಭಾಷಣಕ್ಕಿಂತಲೂ ಒಳ್ಳೆಯ ಪರಿಚಯ.

ಅಡುಗೆಗೆ ಲೆಕ್ಕವೂ ಬೇಕು. 200 ಜನಕ್ಕೆ ತಲಾ ಎರಡರಂತೆ 400 ಒಬ್ಬಟ್ಟು. ಒಬ್ಬರು ನಿಮಿಷಕ್ಕೊಂದು ತಟ್ಟಿ ಬೇಯಿಸಿದರೂ ಆರು ಗಂಟೆ 40 ನಿಮಿಷ. ನಾಲ್ಕು ಕಾವಲಿ ಹೂಡಿದರೆ ಒಂದು ಗಂಟೆ 40 ನಿಮಿಷ. ಹೂರಣ ಹಿಂದಿನ ರಾತ್ರಿಯೇ ರುಬ್ಬಿಟ್ಟು ಅದು ಬೇಸಗೆಯಲ್ಲಿ ಹಳಸಿದರೆ ಇಡೀ ಹಾಸ್ಟೆಲ್ ಮರುದಿನ ಡಾಕ್ಟರ ಮುಂದೆ ಸಾಲು ನಿಲ್ಲುತ್ತದೆ. ಹಾಗಾಗಿ ಏಳು ಸೀಮೆಯ ಏಳು ಪೂರ್ತಿ ಊಟ ಮಾಡಹೊರಡುವುದು ಹುಚ್ಚು. ಸೀಮೆಗೊಂದೇ ಪದಾರ್ಥ, ಅದೂ ಅವರ ಮನೆಯಲ್ಲಿ ನಿಜಕ್ಕೂ ಮಾಡುವಂಥದ್ದು ಸಾಕು. ತುಮಕೂರು ಕಡೆಯವರು ಮುದ್ದೆ, ಉಪ್ಸಾರು ಬಿಟ್ಟು ಬಿಸಿಬೇಳೆ ಬಾತು ಇಟ್ಟರೆ ಅದು ಹೋಟೆಲ್ಲಿನ ಕರ್ನಾಟಕವಾಗುತ್ತದೆ. ಸಸ್ಯಾಹಾರ, ಮಾಂಸಾಹಾರಕ್ಕೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು. ಮಾಂಸ ಹಲಾಲ್ ಹೌದೋ ಅಲ್ಲವೋ ಎಂಬುದು ಚೀಟಿಯಲ್ಲಿ ಬರೆದಿರಬೇಕು. ಬೇರೆ ಸೌಟು ಇಟ್ಟರೆ ಯಾರ ಮನಸ್ಸೂ ಕೆಡದು. ಬೇರೆ ಸಾಲು, ಬೇರೆ ಬೆಂಚು ಹಾಕಿದರೆ ಮಾತ್ರ ಹಳೆಯ ಗೋಡೆ ಮತ್ತೆ ಎದ್ದಂತೆ.

ವೇದಿಕೆಯ ಕಾಟ ಇನ್ನೊಂದು ತೆರ. ‘ಎಥ್ನಿಕ್ ಡೇ’ ಎಂದ ತಕ್ಷಣ ಪಂಚೆ, ಶಲ್ಯ, ಕಸವು ಸೀರೆ. ಫೋಟೋ ತೆಗೆದಲ್ಲಿಗೆ ಮುಗಿಯಿತು. ಈಶಾನ್ಯದ ಎಂಟು ರಾಜ್ಯಗಳವರನ್ನು ಒಂದೇ ಮೇಜಿನ ಹಿಂದೆ ನಿಲ್ಲಿಸುವ ವಾಡಿಕೆ ಅನೇಕ ಕಡೆ ಇದೆ. ಮಿಜೋರಾಮಿನ ಚಪ್ಚಾರ್ ಕುಟ್‌ಗೂ ಅಸ್ಸಾಮಿನ ಬಿಹುವಿಗೂ ಇರುವ ದೂರ ನಮ್ಮ ಯುಗಾದಿಗೂ ಓಣಂಗೂ ಇರುವ ದೂರಕ್ಕಿಂತ ಕಡಿಮೆಯೇನಲ್ಲ. 2012ರ ಆಗಸ್ಟಿನಲ್ಲಿ ಬರೀ ಗಾಳಿಮಾತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ಪಕ್ಕದ ಕೋಣೆಯವರ ಹೆಸರನ್ನು ಸರಿಯಾಗಿ ಕರೆಯುವುದು ಎಷ್ಟು ದೊಡ್ಡ ವಿಷಯ ಎಂದು ಆ ವಾರ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಿರಿಯರನ್ನು ಬಲವಂತವಾಗಿ ವೇದಿಕೆಗೆ ಹತ್ತಿಸಿ ಕುಣಿಸುವುದು ತಮಾಷೆಯಲ್ಲ. ಯುಜಿಸಿಯ 2009ರ ನಿಯಮಾವಳಿಯ ಪ್ರಕಾರ ಅದು ರ‍್ಯಾಗಿಂಗ್ ಆಗಬಹುದು.

ಹೊರದೇಶದ ಒಂದು ಉದಾಹರಣೆ ಇಲ್ಲಿ ಸಲ್ಲುತ್ತದೆ. ನ್ಯೂಯಾರ್ಕಿನ ಹ್ಯಾರಿ ಎಡ್ಮಂಡ್ಸ್ 1909ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಮೆಟ್ಟಿಲ ಮೇಲೆ ಚೀನಾದ ಒಬ್ಬ ವಿದ್ಯಾರ್ಥಿಗೆ ನಮಸ್ಕಾರ ಹೇಳಿದರಂತೆ. ತಾನು ಬಂದು ಮೂರು ವಾರವಾದರೂ ಮಾತಾಡಿಸಿದವರು ನೀವೇ ಮೊದಲು ಎಂದನಂತೆ ಆತ. ಎಡ್ಮಂಡ್ಸ್ ದಂಪತಿ ವಿದೇಶಿ ವಿದ್ಯಾರ್ಥಿಗಳನ್ನು ಭಾನುವಾರದ ಸಂಜೆ ಊಟಕ್ಕೆ ಕರೆಯತೊಡಗಿದರು. ಅದೇ ಬೆಳೆದು 1924ರಲ್ಲಿ ‘ಇಂಟರ್‌ನ್ಯಾಷನಲ್ ಹೌಸ್’ ಎಂಬ ದೊಡ್ಡ ವಸತಿಗೃಹವಾಯಿತು. ಅಲ್ಲೂ ಊಟ ಮೊದಲು, ಕಟ್ಟಡ ಆಮೇಲೆ.

ಸದ್ದಿಗೆ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಿದ್ಯಾಸಂಸ್ಥೆಯ ಸುತ್ತಲಿನ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಹಗಲು 50, ರಾತ್ರಿ 40 ಡೆಸಿಬೆಲ್ ಅದರ ಮಿತಿ. ಹಾಗೆ ಘೋಷಿಸಿದ ಕಡೆ ಹಾಸ್ಟೆಲ್ ಸಾಮಾನ್ಯವಾಗಿ ಈ ವಲಯದೊಳಗೇ ಬರುತ್ತದೆ. ಹೀಗಾಗಿ ಜಾತ್ರೆಯಂತೆ ರಾತ್ರಿಯಿಡೀ ನಡೆಸುವ ಹಾಗಿಲ್ಲ. ಮಧ್ಯಾಹ್ನದ ಊಟದಿಂದ ಶುರುಮಾಡಿ, ಒಂಬತ್ತೂವರೆಗೆ ಕೊನೆಯ ಹಾಡು ಮುಗಿಸಿ, ಮೈಕಿನವನ ಬಾಕಿ ಕೊಟ್ಟು ಕಳಿಸುವುದು ಲೇಸು.

ಪಾತ್ರೆ ತಿಕ್ಕುವ ಪಾಳಿ ಮುಂಚೆಯೇ ಬರೆದು ಅಂಟಿಸಿರಬೇಕು, ಇಲ್ಲದಿದ್ದರೆ ಆ ಕೆಲಸ ಮೆಸ್ಸಿನ ಹೆಂಗಸರ ತಲೆಗೆ ಬೀಳುತ್ತದೆ. ಪಾಳಿಯಲ್ಲಿ ಸೀಮೆಗಳನ್ನು ಬೆರೆಸಿರಬೇಕು. ಅವಿಯಲ್ ಮಾಡಿದ ಕೊಳದಪ್ಪಲೆಯನ್ನು ತುರುವೇಕೆರೆಯವನೂ, ಒಬ್ಬಟ್ಟಿನ ಕಾವಲಿಯನ್ನು ಲಕ್ಷದ್ವೀಪದ ಕವರತ್ತಿಯವನೂ ತಿಕ್ಕುವ ಹಾಗೆ. ಮೂರು ದಿನದೊಳಗೆ ಖರ್ಚಿನ ಪಟ್ಟಿ ನೋಟಿಸ್ ಬೋರ್ಡಿಗೆ ಬರುತ್ತದೆ. ಉಳಿದ ಕಾಯಿತುರಿ ಮಾತ್ರ ಅಷ್ಟು ದಿನ ಕಾಯುವುದಿಲ್ಲ, ಮರುದಿನ ಬೆಳಿಗ್ಗೆಯೇ ಇಡ್ಲಿಯ ಚಟ್ನಿಗೆ ಹೋಗುತ್ತದೆ.